ಒರೆಸಬಹುದಾದ ಲೆಕ್ಕ: ‘ಕಡತ’ ಎಂಬ ಪದದ ಸಾವಿರ ವರ್ಷ



ಕನ್ನಡಕ್ಕೆ ಹೊಂದಿಸಿದ ಲಿನಕ್ಸ್ ಕಂಪ್ಯೂಟರೊಂದನ್ನು ತೆರೆದರೆ ಕಿಟಕಿಯ ಮೇಲ್ತುದಿಯಲ್ಲಿ ಮೊದಲಿಗೆ ಕಾಣುವ ಪದ ‘ಕಡತ’. ಕನ್ನಡಕ್ಕೇ ಹೊಂದಿಸಿದ ಆಂಡ್ರಾಯ್ಡ್ ಫೋನು ತೆರೆದರೆ ಅದೇ ವಸ್ತುವಿನ ಹೆಸರು ‘ಫೈಲ್’. ಇವೆರಡರಲ್ಲಿ ಯಾವುದು ಸರಿ ಎಂಬ ಜಗಳ ಇಪ್ಪತ್ತು ವರ್ಷಗಳಿಂದ ನಡೆದಿದೆ. ಒಂದು ಕಡೆಯವರು ‘ಫೈಲ್ ಅಂದರೆ ಹಾಲು ಮಾರುವವರಿಗೂ ಗೊತ್ತು, ಕಡತ ಅಂದರೆ ಯಾರಿಗೆ ಗೊತ್ತು?’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ಬಳಸದೇ ಇದ್ದರೆ ಗೊತ್ತಾಗುವುದು ಹೇಗೆ?’ ಎನ್ನುತ್ತಾರೆ. ಅನುವಾದವೇ ನನ್ನ ಹೊಟ್ಟೆಪಾಡಾದ್ದರಿಂದ ಎರಡೂ ಕಡೆಯವರ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ.

ಈ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಕಂಪ್ಯೂಟರು ಬರುವ ಮೊದಲು ಕಡತ ಅಂದರೆ ಏನಾಗಿತ್ತು? ಅದನ್ನು ಯಾರು ಬರೆಯುತ್ತಿದ್ದರು, ಯಾರ ಮನೆಯಲ್ಲಿ ಇಡುತ್ತಿದ್ದರು? ಇದರ ಉತ್ತರ ಹುಡುಕುತ್ತ ಹೋದರೆ ಸೇವ್, ಡಿಲೀಟ್, ಕಾಪಿ, ಶೇರ್, ಕ್ಲೌಡ್ ಎಂದು ನಾವು ದಿನವೂ ಒತ್ತುವ ಪದಗಳೆಲ್ಲ ಹೊಸ ಬೆಳಕಿನಲ್ಲಿ ಕಾಣುತ್ತವೆ. ಈ ಸಲದ ಪತ್ರ ಆ ಹುಡುಕಾಟದ ಬಗ್ಗೆ.

ಇದ್ದಿಲು, ಹುಣಿಸೆ ಬೀಜ, ಬಳಪ

ಕಡತ ಮೊದಲಿಗೆ ಕಾಗದದ ಕಟ್ಟಲ್ಲ, ಬಟ್ಟೆ. ಉದ್ದನೆಯ ಹತ್ತಿಬಟ್ಟೆಯ ಪಟ್ಟಿಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಕಪ್ಪು ಹಲಗೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಕತ್ತರಿಸದೆ, ಬೀಸಣಿಗೆಯಂತೆ ಒಂದೇ ಅಳತೆಗೆ ಮಡಚಿ, ಎರಡು ತುದಿಗೂ ಮರದ ಹಲಗೆ ಕೂರಿಸುತ್ತಿದ್ದರು. ಮುಚ್ಚಿದರೆ ಪುಸ್ತಕ, ಎಳೆದರೆ ಮತ್ತೆ ಉದ್ದನೆಯ ಬಟ್ಟೆ. ಬರೆಯುವುದು ಬಳಪದ ಕಲ್ಲಿನಿಂದ. ಕಪ್ಪಿನ ಮೇಲೆ ಬಿಳಿ ಅಕ್ಷರ.

ಇದನ್ನು ಕಣ್ಣಾರೆ ಕಂಡು ವಿವರವಾಗಿ ದಾಖಲಿಸಿದವರಲ್ಲಿ ಮಾರ್ಕ್ ವಿಲ್ಕ್ಸ್ ಒಬ್ಬ. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಅವನು ಕಡತದ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಸ್ಲೇಟಿನಂತೆ ಇದರ ಮೇಲೂ ಒರೆಸಿ ಮತ್ತೆ ಬರೆಯಬಹುದು, ಮೈಸೂರಿನ ವರ್ತಕರೂ ಅಂಗಡಿಯವರೂ ಇನ್ನೂ ಇದನ್ನೇ ಬಳಸುತ್ತಾರೆ ಎಂದು ಅವನು ಹೇಳುತ್ತಾನೆ.

ಆದರೆ ಆಗಲೇ ಈ ಪದಕ್ಕೆ ವಯಸ್ಸಾಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬರುತ್ತದೆ. ಕಡಿತ ಅಂದರೆ ಲೆಕ್ಕದ ದಾಖಲೆ, ವೆರ್ಗಡೆ ಅಂದರೆ ಅದರ ಹೆಗ್ಗಡೆ. ಇಂದಿನ ಮಾತಿನಲ್ಲಿ ಹೇಳಬೇಕೆಂದರೆ ದಾಖಲೆ ವಿಭಾಗದ ಮುಖ್ಯಸ್ಥ. ಸರಿಸುಮಾರು ಸಾವಿರ ವರ್ಷಗಳ ಹಿಂದೆಯೇ ಒಂದು ರಾಜ್ಯದ ಆಡಳಿತ ಈ ಪದದ ಸುತ್ತ ಒಂದು ಹುದ್ದೆಯನ್ನೇ ಕಟ್ಟಿತ್ತು ಎಂದಾಯಿತು. ಶೃಂಗೇರಿ ಮಠದಲ್ಲಿ ಉಳಿದು ಬಂದ ಕಡತಗಳನ್ನು ಇತಿಹಾಸಕಾರರು ಓದಿ ಪ್ರಕಟಿಸಿದ್ದಾರೆ. ಮಠದ ಭೂಮಿ, ಆದಾಯ, ಪತ್ರವ್ಯವಹಾರ ಎಲ್ಲವೂ ಅವುಗಳಲ್ಲಿವೆ. ಬಳಪದಲ್ಲಿ ಬರೆದದ್ದು ತಲೆಮಾರುಗಳನ್ನು ದಾಟಿ ಉಳಿದಿದೆ.

ಟಿಪ್ಪು ಕಡತವನ್ನು ನಿಷೇಧಿಸಿದ್ದು

ಇಲ್ಲಿ ಕಥೆಗೊಂದು ತಿರುವಿದೆ. ಟಿಪ್ಪು ಸುಲ್ತಾನ್ ಸರ್ಕಾರಿ ಲೆಕ್ಕಗಳನ್ನು ಕಡತದಲ್ಲಿ ಬರೆಯಬಾರದು ಎಂದು ಆಜ್ಞೆ ಮಾಡಿದ. ಕಾರಣ ಊಹಿಸುವುದು ಕಷ್ಟವಲ್ಲ. ಒರೆಸಿ ಬರೆಯಬಹುದಾದ ಲೆಕ್ಕವನ್ನು ನಂಬುವುದು ಹೇಗೆ? ರೈತ ಕಟ್ಟಿದ ಕಂದಾಯ ಐದು ವರಹ ಎಂದು ಬರೆದದ್ದು, ಒದ್ದೆ ಬಟ್ಟೆಯ ಒಂದೇ ಒರೆಸಿಗೆ ಮೂರು ವರಹ ಆಗಬಹುದು. ಉಳಿದ ಎರಡು ಯಾರ ಜೇಬಿಗೆ ಎಂದು ಕೇಳಿದರೆ ತೋರಿಸಲು ಪುರಾವೆ ಇಲ್ಲ.

ಟಿಪ್ಪುವಿನ ಕಂದಾಯ ನಿಯಮಗಳನ್ನು ಕ್ರಿಸ್ಪ್ ಎಂಬಾತ 1792ರಲ್ಲಿ ಇಂಗ್ಲಿಷಿಗೆ ತಂದ. ಮೂಲದಲ್ಲಿದ್ದ ಕಡತದ ಹೆಸರು ಅವನಿಗೆ ಅರ್ಥವಾಗಲಿಲ್ಲ. ತಾಳೆಗರಿ ಇರಬೇಕೆಂದು ಊಹಿಸಿ ಹಾಗೆಯೇ ಬರೆದ. ಆ ಊಹೆ ತಪ್ಪು ಎಂದು ತೋರಿಸಿದವನು ವಿಲ್ಕ್ಸ್. ಅನುವಾದಕರಿಗೆ ಇದು ಸಣ್ಣ ವಿಷಯವಲ್ಲ. ತಾಳೆಗರಿಯ ಮೇಲೆ ಕಂಠದಿಂದ ಕೊರೆದದ್ದನ್ನು ಒರೆಸಲು ಆಗುವುದಿಲ್ಲ. ಆದ್ದರಿಂದ ‘ತಾಳೆಗರಿಯಲ್ಲಿ ಲೆಕ್ಕ ಬರೆಯಬೇಡಿ’ ಎಂದು ಓದಿದ ಇಂಗ್ಲಿಷರಿಗೆ ಆ ಆಜ್ಞೆ ಒಬ್ಬ ಸುಲ್ತಾನನ ಹಠದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ‘ಕಡತದಲ್ಲಿ ಬರೆಯಬೇಡಿ’ ಎಂದು ಓದಿದ್ದರೆ ಅದೊಂದು ಲೆಕ್ಕಪರಿಶೋಧನೆಯ ಕ್ರಮವೆಂದು ತಿಳಿಯುತ್ತಿತ್ತು. ಒಂದು ಪದ ತಪ್ಪಿದರೆ ಒಂದು ಆಡಳಿತದ ತರ್ಕವೇ ಮಾಯವಾಗುತ್ತದೆ.

ಆದರೆ ವಿಲ್ಕ್ಸ್ ಟಿಪ್ಪುವಿನ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಒರೆಸಬಹುದು ಎಂಬ ದೋಷ ಇದ್ದರೂ ಒಳ್ಳೆಯ ಕಾಗದಕ್ಕಿಂತ ಕಡತವೇ ಹೆಚ್ಚು ಬಾಳಿಕೆಯದು ಎಂಬುದು ಅವನ ಅಭಿಪ್ರಾಯ. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವನ್ನು ಪುರಾವೆಯಾಗಿ ಒಪ್ಪಿಕೊಂಡದ್ದನ್ನು ತಾನೇ ನೋಡಿದ್ದೇನೆ ಎಂದೂ ಅವನು ಹೇಳುತ್ತಾನೆ. ಅಂದರೆ ಅಕ್ಷರ ಯಾವುದರ ಮೇಲಿದೆ ಎಂಬುದಷ್ಟೇ ಮುಖ್ಯವಲ್ಲ, ಅದರ ಸುತ್ತ ಯಾರು ಸಾಕ್ಷಿ ನಿಂತಿದ್ದಾರೆ ಎಂಬುದೂ ಮುಖ್ಯ.

ಇನ್ನೂರು ವರ್ಷಗಳ ನಂತರ ಇದೇ ವಾದ ಭಾರತದ ಸಂಸತ್ತಿಗೆ ಬಂತು. ಕಂಪ್ಯೂಟರಿನ ಕಡತವೂ ಒರೆಸಿ ಬರೆಯಬಹುದಾದದ್ದೇ. ಅದನ್ನು ನ್ಯಾಯಾಲಯ ನಂಬುವುದು ಹೇಗೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 1872ರ ಸಾಕ್ಷ್ಯ ಕಾಯ್ದೆಗೆ 65ಬಿ ಎಂಬ ಕಲಮು ಸೇರಿತು. ಇಂಥ ದಾಖಲೆಯ ಜೊತೆ ಅದು ಯಾವ ಯಂತ್ರದಿಂದ, ಹೇಗೆ ಬಂತು ಎಂಬ ಪ್ರಮಾಣಪತ್ರವೂ ಇರಬೇಕೆಂಬುದು ಅದರ ಸಾರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದ ನಮೂನೆಯಲ್ಲಿ ‘ಹ್ಯಾಶ್’ ಎಂಬ ಸಂಖ್ಯೆಯನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು ಎಂದುಕೊಳ್ಳಿ. ಕಡತದ ಎಲ್ಲ ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ ಅದು. ಒಳಗೆ ಒಂದೇ ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಟಿಪ್ಪುವಿನ ಅನುಮಾನಕ್ಕೆ ಗಣಿತ ಕೊಟ್ಟ ಉತ್ತರ ಇದು.

ದಾರ, ಬಟ್ಟೆ, ಗಂಟು

ಇಂಗ್ಲಿಷಿನ ‘ಫೈಲ್’ ಪದವೇನು ಹುಟ್ಟುತ್ತಲೇ ಕಂಪ್ಯೂಟರಿನದಾಗಿರಲಿಲ್ಲ. ಲ್ಯಾಟಿನ್ನಿನಲ್ಲಿ ‘ಫೀಲುಂ’ ಎಂದರೆ ದಾರ. ಕಚೇರಿಗಳಲ್ಲಿ ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ನೇತುಹಾಕುತ್ತಿದ್ದ ಕಾಲದಲ್ಲಿ ಆ ದಾರವೇ ಫೈಲ್ ಆಯಿತು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುವ ತಂತಿ ಈಗಲೂ ಕಾಣುತ್ತದಲ್ಲ, ಅದು ಫೈಲಿನ ಮೂಲರೂಪ. ಫೋಲ್ಡರ್ ಎಂದರೆ ಮಡಿಕೆ. ಹಾಗೆ ನೋಡಿದರೆ ನಮ್ಮ ಹಳೆಯ ಕಡತ ಫೈಲೂ ಹೌದು, ಫೋಲ್ಡರೂ ಹೌದು.

ನಾನಿರುವುದು ವಿಶಾಖಪಟ್ಟಣದ ಗಾಜುವಾಕದಲ್ಲಿ. ಉಕ್ಕಿನ ಕಾರ್ಖಾನೆ, ಬಂದರು, ಹಡಗುಕಟ್ಟೆ ಎಂದು ನಾನಾ ರಾಜ್ಯಗಳ ಜನ ಬಂದು ನೆಲೆಸಿದ ಊರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು. ಹಾಗಾಗಿ ಒಂದೇ ತಂತ್ರಾಂಶದ ಎರಡು ಅನುವಾದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಬಿದ್ದಿದೆ. ತೆಲುಗಿನಲ್ಲೂ ‘ಕಡಿತಮು’ ಎಂಬ ಪದ ಇತ್ತು, ಅದೇ ಕಪ್ಪು ಬಟ್ಟೆಗೆ. ಆದರೆ ಲಿನಕ್ಸ್ ತೆಲುಗಿಗೆ ಬಂದಾಗ ಅಲ್ಲಿನ ಅನುವಾದಕರು ಆರಿಸಿಕೊಂಡದ್ದು ‘ದಸ್ತ್ರಂ’. ಇದು ಪಾರಸಿಯ ‘ದಫ್ತರ’ದ ಕಡೆಯಿಂದ ಬಂದ ಮಾತು. ಬಟ್ಟೆಯಲ್ಲಿ ಸುತ್ತಿಟ್ಟ ಕಾಗದದ ಗಂಟು ಅದರ ಚಿತ್ರ. ಫೋಲ್ಡರ್ ಅಲ್ಲಿ ‘ಸಂಚಯಂ’, ನಮ್ಮಲ್ಲಿ ‘ಕಡತಕೋಶ’. ನಾವು ‘ಬಳಕೆದಾರ’ ಎಂದರೆ ಅವರು ‘ವಾಡುಕರಿ’. ನಮ್ಮ ‘ಗುಪ್ತಪದ’ ಅವರಿಗೆ ‘ಸಂಕೇತಪದಂ’. ಇಂಟರ್ನೆಟ್ ಮಾತ್ರ ಇಬ್ಬರಿಗೂ ಅಂತರ್ಜಾಲವೇ.

‘ಕೊಂಡಿ’ಯ ಪ್ರಸಂಗ ಇನ್ನೂ ಸ್ವಾರಸ್ಯಕರ. ಲಿಂಕ್ ಎಂಬುದಕ್ಕೆ ನಾವು ಕೊಂಡಿ ಎನ್ನುತ್ತೇವೆ, ಸರಪಳಿಯ ಕೊಂಡಿ ಕಣ್ಣ ಮುಂದೆ ಬರುತ್ತದೆ. ತೆಲುಗಿನಲ್ಲಿ ಕೊಂಡಿ ಎಂದ ಕೂಡಲೇ ನೆನಪಾಗುವುದು ಚೇಳಿನ ಕೊಂಡಿ. ಅವರು ಲಿಂಕಿಗೆ ‘ಲಂಕೆ’ ಎಂದರು. ಅಪರಿಚಿತರು ಕಳಿಸಿದ ಕೊಂಡಿ ಒತ್ತಿದವರ ಬ್ಯಾಂಕ್ ಖಾತೆ ಖಾಲಿಯಾಗುವ ಈ ಕಾಲದಲ್ಲಿ ಚೇಳಿನ ಅರ್ಥವನ್ನೂ ಜೊತೆಗಿಟ್ಟುಕೊಂಡರೆ ನಷ್ಟವೇನಿಲ್ಲ.

ಗಣಕ ಎಂದರೆ ಮನುಷ್ಯ

ಕಡತ ಇದ್ದ ಮೇಲೆ ಅದನ್ನು ಬರೆಯುವವರೂ ಇರಬೇಕು. ಕಂಪ್ಯೂಟರಿಗೆ ‘ಗಣಕ’ ಎಂಬ ಹೆಸರು ಬಂದಾಗ ಹಲವರು ಇದು ಕೃತಕ ಎಂದರು. ಆದರೆ ಸಂಸ್ಕೃತದಲ್ಲಿ ಗಣಕ ಎಂದರೆ ಯಂತ್ರವಲ್ಲ, ಮನುಷ್ಯ. ಲೆಕ್ಕ ಹಾಕುವವನು, ಜ್ಯೋತಿಷಿ. ಇಂಗ್ಲಿಷಿನಲ್ಲೂ ಹದಿನೇಳನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಕಂಪ್ಯೂಟರ್ ಎಂದರೆ ಲೆಕ್ಕ ಹಾಕುವ ನೌಕರ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ 1831ರಲ್ಲಿ ಸೇರಿದ ರಾಧಾನಾಥ ಸಿಕ್ದಾರರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ಜಗತ್ತಿನ ಅತಿ ಎತ್ತರದ ಶಿಖರ ಯಾವುದೆಂದು ಲೆಕ್ಕ ಹಾಕಿ ತೋರಿಸಿದವರು ಅವರು. ಶಿಖರಕ್ಕೆ ಹೆಸರು ಮಾತ್ರ ಎವರೆಸ್ಟ್ ಎಂಬ ಅಧಿಕಾರಿಯದು.

ನಮ್ಮ ಹಳ್ಳಿಗಳ ಗಣಕ ಶಾನುಭೋಗ, ಹಳೆಯ ಶಾಸನಗಳ ಸೇನಬೋವ. ಇಲ್ಲಿ ತೆಲುಗು ಸೀಮೆಯಲ್ಲಿ ಅವನು ಕರಣಂ. ಯಾರ ಹೊಲ ಎಷ್ಟು, ಯಾರು ಕಂದಾಯ ಕಟ್ಟಿದ್ದಾರೆ, ಯಾರು ಬಾಕಿ ಎಂಬುದು ಅವನ ಕಡತದಲ್ಲಿತ್ತು. ಕಡತ ಇರುತ್ತಿದ್ದದ್ದು ಅವನ ಮನೆಯಲ್ಲಿ. ಅವನ ನಂತರ ಅವನ ಮಗನಿಗೆ. ಹೊಲ ಉಳುವವನಿಗೆ ಅದನ್ನು ಓದಲು ಬಾರದು. ಓದಲು ಬಂದರೂ ಶಾನುಭೋಗರ ಸಂಕ್ಷೇಪಗಳು, ಭಿನ್ನರಾಶಿಯ ಗುರುತುಗಳು ತಿಳಿಯವು. ಎಷ್ಟೋ ಊರುಗಳಲ್ಲಿ ಶಾನುಭೋಗರು ಪ್ರಾಮಾಣಿಕರೇ ಆಗಿದ್ದರು. ಆದರೆ ಅವರು ಪ್ರಾಮಾಣಿಕರೋ ಅಲ್ಲವೋ ಎಂದು ಪರೀಕ್ಷಿಸುವ ದಾರಿ ರೈತನಿಗೆ ಇರಲಿಲ್ಲ. ಅವನ ಆಸ್ತಿ ಅವನಿಗೆ ಅರ್ಥವಾಗದ ಭಾಷೆಯಲ್ಲಿ, ಇನ್ನೊಬ್ಬರ ಕೈಯಲ್ಲಿತ್ತು.

ಈ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಆಂಧ್ರದಲ್ಲಿ ಕರಣಂಗಳ ಕಾಲ 1984ರಲ್ಲಿ, ಎನ್.ಟಿ. ರಾಮರಾವ್ ಸರ್ಕಾರದ ತೀರ್ಮಾನದಿಂದ ಮುಗಿಯಿತು. 1963ರಲ್ಲೇ ನಮ್ಮ ರಾಜ್ಯದ ರಾಜಭಾಷಾ ಕಾಯ್ದೆಯೂ ಬಂತು. ಮುಂದೆ ಆಡಳಿತ ಕನ್ನಡಕ್ಕೆ ತಿರುಗಿದಂತೆ ಸರ್ಕಾರಿ ಕಚೇರಿಯ ಫೈಲಿಗೆ ‘ಕಡತ’ ಎಂಬ ಹೆಸರು ಗಟ್ಟಿಯಾಯಿತು. ಬಟ್ಟೆ ಹೋಗಿ ಕಾಗದ ಬಂತು, ಬಳಪ ಹೋಗಿ ಶಾಯಿ ಬಂತು, ಮಡಿಕೆ ಹೋಗಿ ಕೆಂಪು ದಾರ ಬಂತು. ಪದ ಮಾತ್ರ ಉಳಿಯಿತು. ‘ಕಡತ ವಿಲೇವಾರಿ’ ಎಂಬ ಮಾತು ಇಂದಿಗೂ ಪತ್ರಿಕೆಗಳಲ್ಲಿ ದಿನ ಬಿಟ್ಟು ದಿನ ಕಾಣುತ್ತದೆ. ಹಾಗಾಗಿ ‘ಕಡತ ಯಾರಿಗೆ ಗೊತ್ತು?’ ಎಂಬ ಪ್ರಶ್ನೆಗೆ ಉತ್ತರ ಸರಳ. ಒಮ್ಮೆಯಾದರೂ ತಾಲ್ಲೂಕು ಕಚೇರಿಗೆ ಅಲೆದವರಿಗೆಲ್ಲ ಗೊತ್ತು.

ಕನ್ನಡ ಕಡತ ತೆರೆಯದ ವರ್ಷಗಳು

ಕಂಪ್ಯೂಟರಿನಲ್ಲಿ ಕನ್ನಡ ಬಂದ ದಾರಿಯನ್ನೂ ಸ್ವಲ್ಪ ನೋಡೋಣ. ಅಲ್ಲಿ ಕಡತ ಎಂಬುದು ಇನ್ನೊಂದು ಬಗೆಯಲ್ಲಿ ಜನರನ್ನು ಕಾಡಿತು.

ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ಕನ್ನಡದ ಧ್ವನಿಗಳಿಗೆ ಹೊಂದುವ ಕೀಲಿಮಣೆಯೊಂದನ್ನು ರೂಪಿಸಿದರು. ಇಂಗ್ಲಿಷಿನ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಸಣ್ಣ ಬದಲಾವಣೆಗಳೊಂದಿಗೆ ಆ ವಿನ್ಯಾಸವೇ ಮುಂದೆ ಸರ್ಕಾರದ ಮಾನಕವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಸ್ವಲ್ಪ ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಬರಹ, ನುಡಿ ಎಂಬ ಹೆಸರುಗಳನ್ನೇ ಗಮನಿಸಿ. ಯಾವ ಸಮಿತಿಯೂ ಕೂತು ಅನುವಾದಿಸಿದ ಪದಗಳಲ್ಲ. ಅದಕ್ಕೇ ಇರಬೇಕು, ‘ನುಡಿಯಲ್ಲಿ ಟೈಪ್ ಮಾಡಿ ಕೊಡಿ’ ಎಂಬ ಮಾತು ಕರ್ನಾಟಕದ ಯಾವ ಜೆರಾಕ್ಸ್ ಅಂಗಡಿಯಲ್ಲೂ ಪರಕೀಯ ಅನ್ನಿಸುವುದಿಲ್ಲ.

ಆದರೆ ಆ ಕಾಲದ ಕಡತಗಳಲ್ಲಿ ಒಂದು ಗುಟ್ಟಿತ್ತು. ಪರದೆಯಲ್ಲಿ ‘ಕ’ ಕಂಡರೂ ಕಂಪ್ಯೂಟರು ಒಳಗೆ ಉಳಿಸಿಕೊಳ್ಳುತ್ತಿದ್ದದ್ದು ಇಂಗ್ಲಿಷಿನ ಯಾವುದೋ ಗುರುತಿನ ಸಂಖ್ಯೆಯನ್ನು. ಆ ಸಂಖ್ಯೆಗೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟ್. ಒಂದೊಂದು ತಂತ್ರಾಂಶದ ವೇಷ ಒಂದೊಂದು. ನುಡಿಯಲ್ಲಿ ಬರೆದ ಕಡತವನ್ನು ಶ್ರೀಲಿಪಿ ಮಾತ್ರ ಇರುವ ಯಂತ್ರದಲ್ಲಿ ತೆರೆದರೆ ಅಕ್ಷರಗಳ ಬದಲು ಗೀಚು. ತೆಲುಗಿನವರಿಗೆ ‘ಅನು’ ಫಾಂಟಿನಿಂದ ಇದೇ ಪಾಡು. ಬಟ್ಟೆಯ ಕಡತವನ್ನು ಬೇರೆ ಊರಿಗೆ ಒಯ್ದರೆ ಅಕ್ಷರ ಬದಲಾಗುತ್ತಿರಲಿಲ್ಲ, ಇದರಲ್ಲಿ ಬದಲಾಗುತ್ತಿತ್ತು.

ಇದಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಆದ ಒಂದು ಸಂಖ್ಯೆ ಎಂಬುದು ಅದರ ತತ್ವ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಭಾರತದ ಲಿಪಿಗಳನ್ನು ಜೋಡಿಸುವಾಗ ಯೂನಿಕೋಡ್ ನಮ್ಮ ದೇಶದ ‘ಇಸ್ಕಿ’ ಎಂಬ ಮಾನಕದ ಕ್ರಮವನ್ನು ಅನುಸರಿಸಿತು. ಅದರಿಂದಾಗಿ ತೆಲುಗು ಮತ್ತು ಕನ್ನಡದ ಮನೆಗಳು ಅಕ್ಕಪಕ್ಕ. ತೆಲುಗಿನ ‘ಕ’ದ ಸಂಖ್ಯೆ 3093, ಕನ್ನಡದ ‘ಕ’ದ್ದು 3221. ವ್ಯತ್ಯಾಸ 128. ಗ, ಮ, ಲ, ಯಾವ ವ್ಯಂಜನ ತೆಗೆದುಕೊಂಡರೂ ಅದೇ 128. ಒಂದೇ ಲಿಪಿಯಾಗಿ ಬೆಳೆದು ಆಮೇಲೆ ಬೇರೆಯಾದ ಅಕ್ಕತಂಗಿಯರ ನಡುವಿನ ಗೋಡೆಯ ದಪ್ಪ ಅಷ್ಟು. ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಯೂನಿಕೋಡ್ ಫಾಂಟುಗಳಲ್ಲಿ ಕನ್ನಡದ್ದು ತುಂಗಾ, ತೆಲುಗಿನದು ಗೌತಮಿ. ಎರಡೂ ನದಿಗಳ ಹೆಸರು.

ಯಾರಾದರೂ ನಿಮಗೆ ‘ಇದನ್ನು ಯೂನಿಕೋಡಿನಲ್ಲಿ ಕಳಿಸಿ’ ಎಂದರೆ ಅರ್ಥ ಇಷ್ಟೇ: ವೇಷ ಹಾಕಿದ ಇಂಗ್ಲಿಷ್ ಬೇಡ, ನಿಜವಾದ ಕನ್ನಡ ಅಕ್ಷರ ಇರುವ ಕಡತ ಬೇಕು.

ಗುಂಡಿಗಳ ಮೇಲಿನ ಮಾತು

ಅಕ್ಷರ ಸರಿಹೋದ ಮೇಲೆ ಪದಗಳ ಸರದಿ. ಸ್ವತಂತ್ರ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ಹೆಚ್ಚಿನವರು ಸ್ವಯಂಸೇವಕರು. ಒಬ್ಬರು ‘ಉಳಿಸು’ ಎಂದರೆ ಇನ್ನೊಬ್ಬರು ‘ಸಂರಕ್ಷಿಸು’ ಎನ್ನುತ್ತಿದ್ದರು. ಈ ಗೊಂದಲ ತಪ್ಪಿಸಲು 2008ರಲ್ಲಿ ‘ಫ್ಯೂಯೆಲ್’ ಎಂಬ ಯೋಜನೆ ಶುರುವಾಯಿತು. ಮೆನುಗಳಲ್ಲಿ ಪದೇ ಪದೇ ಬರುವ ಐನೂರಕ್ಕೂ ಹೆಚ್ಚು ಪದಗಳ ಪಟ್ಟಿ ಮಾಡಿ ಪ್ರತಿ ಭಾರತೀಯ ಭಾಷೆಯವರೂ ಕೂತು ಒಮ್ಮತಕ್ಕೆ ಬರುವುದು ಅದರ ಉದ್ದೇಶ. ಕಡತ, ನೋಟ, ನೆರವು, ಮುದ್ರಿಸು ಇಂಥವು ಲಿನಕ್ಸ್ ಮೆನುಗಳಲ್ಲಿ ನೆಲೆಗೊಂಡದ್ದು ಹೀಗೆ ಎಷ್ಟೋ ಜನ ಸಂಬಳವಿಲ್ಲದೆ ಕೂತು ಮಾಡಿದ ಕೆಲಸದಿಂದ. ಆದರೆ ಜನರ ಕೈಗೆ ಬಂದದ್ದು ಲಿನಕ್ಸ್ ಅಲ್ಲ, ಫೋನು. ಅದರಲ್ಲಿ ‘ಫೈಲ್’, ‘ಸೆಟ್ಟಿಂಗ್’, ‘ಪಾಸ್‌ವರ್ಡ್’ ಬಂದವು.

ನನ್ನ ಮಟ್ಟಿಗೆ ಇದು ಸೋಲು ಗೆಲುವಿನ ಮಾತಲ್ಲ. ರೈಲು, ಬಸ್ಸು, ಟಿಕೆಟ್ಟುಗಳನ್ನು ಕನ್ನಡ ಮಾಡಿಕೊಂಡ ನಮಗೆ ಫೈಲು ಭಾರವಲ್ಲ. ಪದದ ಕುಲ ಯಾವುದು ಎಂಬುದಕ್ಕಿಂತ, ಪದ ಕೇಳಿದವರಿಗೆ ಒಳಗೆ ಏನು ನಡೆಯುತ್ತದೆ ಎಂಬ ಚಿತ್ರ ಮೂಡುತ್ತದೆಯೇ ಎಂಬುದು ಮುಖ್ಯ. ಚಿತ್ರ ಮೂಡದಿದ್ದರೆ ಫೈಲೂ ಸುಳ್ಳು, ಕಡತವೂ ಸುಳ್ಳು. ನಾಲ್ಕು ಪದಗಳನ್ನು ಹಳೆಯ ಕಡತದ ಪಕ್ಕದಲ್ಲಿಟ್ಟು ನೋಡೋಣ.

ಸೇವ್, ಅಂದರೆ ಉಳಿಸು. ಶಾನುಭೋಗ ಬಾಯಲ್ಲಿ ಲೆಕ್ಕ ಹಾಕುತ್ತಿದ್ದಷ್ಟು ಹೊತ್ತು ಅದು ಅವನ ತಲೆಯಲ್ಲಿ ಮಾತ್ರ. ಬಳಪ ಬಟ್ಟೆಗೆ ತಾಗಿದಾಗ ದಾಖಲೆ. ಕಂಪ್ಯೂಟರಿಗೂ ತಲೆ ಬೇರೆ, ಬಟ್ಟೆ ಬೇರೆ. ನೀವು ಟೈಪ್ ಮಾಡುವುದು ಮೊದಲು ಅದರ ತಾತ್ಕಾಲಿಕ ನೆನಪಿಗೆ ಹೋಗುತ್ತದೆ, ಕರೆಂಟು ಹೋದರೆ ಅದೂ ಹೋಯಿತು. ಉಳಿಸಿದ್ದು ಮಾತ್ರ ಡಿಸ್ಕಿನಲ್ಲಿ ಉಳಿಯುತ್ತದೆ.

ಡಿಲೀಟ್, ಅಂದರೆ ಅಳಿಸು. ಕಡತವನ್ನು ಒರೆಸಿದರೂ ಓರೆಯಾಗಿ ಬೆಳಕಿಗೆ ಹಿಡಿದರೆ ಹಳೆಯ ಅಕ್ಷರದ ನೆರಳು ಕಾಣಬಹುದು. ಹಳೆಯ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡುಗಳಲ್ಲೂ ಹಾಗೆಯೇ. ಅಳಿಸಿದಾಗ ಬಹಳ ಸಲ ಹೋಗುವುದು ಪರಿವಿಡಿಯಲ್ಲಿನ ಹೆಸರು ಮಾತ್ರ. ಅದರ ಮೇಲೆ ಬೇರೆಯದು ಬರೆಯುವವರೆಗೆ ಒಳಗಿನದು ಅಲ್ಲೇ ಇರುತ್ತದೆ. ತಪ್ಪಿ ಅಳಿಸಿದ ಮದುವೆ ಫೋಟೋ ಮರಳಿ ಸಿಗುವುದೂ ಇದರಿಂದಲೇ, ಮಾರಿದ ಹಳೆಯ ಕಾರ್ಡಿನಿಂದ ಖಾಸಗಿ ಚಿತ್ರ ಇನ್ನೊಬ್ಬರಿಗೆ ಸಿಗುವುದೂ ಇದರಿಂದಲೇ.

ಕಾಪಿ. ಇದಕ್ಕೆ ‘ನಕಲು’ ಎಂದವರಿದ್ದಾರೆ, ‘ಪ್ರತಿ’ ಎಂದವರಿದ್ದಾರೆ. ನಕಲು ಎಂದರೆ ನಮಗೆ ಪರೀಕ್ಷೆಯ ಕಳ್ಳತನ, ನಕಲಿ ನೋಟು ನೆನಪಾಗುತ್ತದೆ, ಮೂಲಕ್ಕಿಂತ ಒಂದು ದರ್ಜೆ ಕೆಳಗಿನದು ಎಂಬ ಭಾವ. ಕಂಪ್ಯೂಟರಿನ ಪ್ರತಿ ಹಾಗಲ್ಲ. ಮೂಲಕ್ಕೂ ಅದಕ್ಕೂ ಅಕ್ಷರದಷ್ಟೂ ಭೇದವಿಲ್ಲ. ಅದಕ್ಕೇ ನಾನು ‘ಪ್ರತಿ’ಯ ಪಕ್ಷ.

ಶೇರ್, ಅಂದರೆ ಹಂಚಿಕೊಳ್ಳಿ. ಹಬ್ಬದ ಹೋಳಿಗೆ ಹಂಚಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ. ಕಡತ ಹಂಚಿದರೆ ಆಗುವುದಿಲ್ಲ. ಆದರೆ ಈ ಒಂದು ಪದದ ಅಡಿ ಎರಡು ಬೇರೆ ಕೆಲಸಗಳಿವೆ. ಪ್ರತಿಯೊಂದನ್ನು ಕಳಿಸುವುದು ಒಂದು. ಮೂಲ ಕಡತದ ಬಾಗಿಲನ್ನೇ ತೆರೆದಿಡುವುದು ಇನ್ನೊಂದು. ಮೊದಲನೆಯದರಲ್ಲಿ ಅವರು ಏನು ತಿದ್ದಿದರೂ ನಿಮ್ಮದು ನಿಮ್ಮಲ್ಲಿ ಹಾಗೇ ಇರುತ್ತದೆ. ಎರಡನೆಯದರಲ್ಲಿ ತಿದ್ದುವ ಅನುಮತಿ ಕೊಟ್ಟಿದ್ದರೆ ಅವರು ಒರೆಸಿದ್ದು ನಿಮ್ಮಲ್ಲೂ ಒರೆಸಿಹೋಗುತ್ತದೆ.

ಮತ್ತೆ ಯಾರ ಮನೆಯಲ್ಲಿ?

2001ರ ಹೊತ್ತಿಗೆ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು. ಟಿಪ್ಪು ಬಟ್ಟೆಯನ್ನು ನಿಲ್ಲಿಸಿದ, ಸರ್ಕಾರ ಶಾಯಿಯನ್ನು ನಿಲ್ಲಿಸಿತು. ಬದಲಾವಣೆ ಮಾಡುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ಏರ್ಪಾಡು ಬಂತು, ಯಾರು ಒರೆಸಿದರು ಎಂಬುದು ಗೊತ್ತಾಗಲಿ ಎಂದು. ಶಾನುಭೋಗರ ಮನೆಯಿಂದ ಕಡತ ಕೊನೆಗೂ ಹೊರಗೆ ಬಂತು ಎಂದು ಹೇಳಬಹುದಾದ ದಿನಗಳು ಅವು.

ಹೊರಗೆ ಬಂದದ್ದು ಎಲ್ಲಿಗೆ ಹೋಯಿತು? ನಿಮ್ಮ ಫೋಟೋ, ಪತ್ರ, ಹಣದ ಲೆಕ್ಕ ಈಗ ‘ಕ್ಲೌಡ್’ನಲ್ಲಿದೆ. ಮೋಡ ಎಂದು ಅನುವಾದಿಸಿದರೆ ಕಾವ್ಯವಾಗುತ್ತದೆ, ಅರ್ಥವಾಗುವುದಿಲ್ಲ. ಕ್ಲೌಡ್ ಎಂದರೆ ಆಕಾಶವಲ್ಲ, ಎಲ್ಲೋ ನೆಲದ ಮೇಲೆ, ತಂಪು ಮಾಡಿದ ಕಟ್ಟಡದಲ್ಲಿ ಸಾಲಾಗಿ ನಿಂತಿರುವ ಇನ್ನೊಬ್ಬರ ಕಂಪ್ಯೂಟರುಗಳು. ಫೋನಿನಲ್ಲಿ ಜಾಗ ಸಾಲದೆಂದು ಫೋಟೋ ಅಳಿಸಿದಾಗ, ಎರಡೂ ಕಡೆ ಒಂದೇ ರೀತಿ ಇರಲಿ ಎಂಬ ಏರ್ಪಾಡು ಇದ್ದರೆ ಅಲ್ಲಿನದೂ ಅಳಿಯುತ್ತದೆ. ಈ ಏರ್ಪಾಡಿನ ಹೆಸರು ‘ಸಿಂಕ್’. ಬ್ಯಾಕಪ್ ಬೇರೆ, ಸಿಂಕ್ ಬೇರೆ. ಬ್ಯಾಕಪ್ ಎಂದರೆ ಬೇರೆ ಪೆಟ್ಟಿಗೆಯಲ್ಲಿಟ್ಟ ಪ್ರತಿ. ಸಿಂಕ್ ಎಂದರೆ ಒಂದೇ ಕಡತಕ್ಕೆ ಹಿಡಿದ ಎರಡು ಕನ್ನಡಿ.

ಹಣದ ವಿಷಯದಲ್ಲಿ ಪದ ಇನ್ನೂ ಹರಿತ. ಇಂಗ್ಲಿಷಿನ ‘ಅಕ್ಸೆಪ್ಟ್’ಗೆ ನಿಘಂಟಿನಲ್ಲಿ ಮೊದಲು ಸಿಗುವುದು ‘ಸ್ವೀಕರಿಸು’. ಆದರೆ ಕನ್ನಡದಲ್ಲಿ ಹಣ ಸ್ವೀಕರಿಸುವುದೆಂದರೆ ಪಡೆಯುವುದು. ಯಾರೋ ನಿಮ್ಮಿಂದ ಹಣ ಕೇಳಿ ಕಳಿಸಿದ ಕೋರಿಕೆಯ ಕೆಳಗೆ ‘ಸ್ವೀಕರಿಸಿ’ ಎಂಬ ಗುಂಡಿ ಇಟ್ಟರೆ, ಕನ್ನಡ ಚೆನ್ನಾಗಿ ಬಲ್ಲವರೇ ಮೊದಲು ಮೋಸಹೋಗುತ್ತಾರೆ, ಹಣ ಬರುತ್ತಿದೆ ಎಂದುಕೊಂಡು ಒತ್ತುತ್ತಾರೆ. ಅಲ್ಲಿ ಇರಬೇಕಾದ ಮಾತು ‘ಹಣ ಕೊಡಲು ಒಪ್ಪುತ್ತೇನೆ’ ಎಂಬುದು. ಉದ್ದವಾಯಿತು, ಗುಂಡಿಯಲ್ಲಿ ಹಿಡಿಸದು ಎಂದು ವಿನ್ಯಾಸಕಾರರು ಗೊಣಗಬಹುದು. ಹಾಗಿದ್ದರೆ ಗುಂಡಿ ದೊಡ್ಡದು ಮಾಡಲಿ. ಯಾವ ಪದ ಇದ್ದರೂ ಒಂದು ನಿಯಮ ನೆನಪಿರಲಿ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಡ. ಹಣ ಪಡೆಯಲು ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅದು ಮೋಸ ಎಂದೇ ಅರ್ಥ.

ಇಲ್ಲಿ ಗಾಜುವಾಕದ ಮೀ ಸೇವಾ ಕೇಂದ್ರವಾಗಲಿ, ಕರ್ನಾಟಕದ ಗ್ರಾಮ ಒನ್ ಆಗಲಿ, ಕಿಟಕಿಯ ಈಚೆ ನಿಂತವರು ಫೋನನ್ನು ಒಳಗಿನವರ ಕೈಗೆ ಕೊಟ್ಟು ‘ನೀವೇ ಒತ್ತಿ’ ಎನ್ನುವುದನ್ನು ನೀವೂ ಕಂಡಿರುತ್ತೀರಿ. ಒಟಿಪಿಯನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಒಳಗಿನವರಲ್ಲಿ ಹೆಚ್ಚಿನವರು ಒಳ್ಳೆಯವರೇ, ಶಾನುಭೋಗರಲ್ಲಿ ಹೆಚ್ಚಿನವರು ಒಳ್ಳೆಯವರಾಗಿದ್ದ ಹಾಗೆ. ಆದರೂ ಹಳೆಯ ವಾಕ್ಯವೇ ಮತ್ತೆ ನಿಜವಾಗುತ್ತದೆ: ಅವರ ಆಸ್ತಿ ಅವರಿಗೆ ಅರ್ಥವಾಗದ ಭಾಷೆಯಲ್ಲಿ, ಇನ್ನೊಬ್ಬರ ಕೈಯಲ್ಲಿದೆ. ವ್ಯತ್ಯಾಸ ಇಷ್ಟೇ. ಅಂದಿನ ರೈತನಿಗೆ ಕಡತ ಕಲಿಯುವ ದಾರಿಯೇ ಇರಲಿಲ್ಲ. ಇಂದು ಇಪ್ಪತ್ತು ಮೂವತ್ತು ಪದ ಅರ್ಥವಾದರೆ ಸಾಕು, ಮುಕ್ಕಾಲು ಪಾಲು ಕಡತ ಓದಲು ಬರುತ್ತದೆ.

ಆದ್ದರಿಂದ ಮನೆಯ ಹಿರಿಯರಿಗೆ ಫೋನು ಕಲಿಸುವಾಗ ‘ಇಲ್ಲಿ ಒತ್ತಿ, ಆಮೇಲೆ ಇಲ್ಲಿ ಒತ್ತಿ’ ಎಂದು ಜಾಗ ತೋರಿಸಿ ನಿಲ್ಲಿಸಬೇಡಿ. ಮುಂದಿನ ಅಪ್‌ಡೇಟ್ ಬಂದಾಗ ಗುಂಡಿ ಬೇರೆ ಕಡೆ ಹೋಗುತ್ತದೆ, ಪದ ಹೋಗುವುದಿಲ್ಲ. ಪದ ತೋರಿಸಿ, ಅದನ್ನು ಒತ್ತಿದರೆ ಒಳಗೆ ಏನಾಗುತ್ತದೆ ಎಂದು ಹೇಳಿ. ಫೈಲ್ ಎನ್ನಿ, ಕಡತ ಎನ್ನಿ, ನಿಮ್ಮ ಇಷ್ಟ.

ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಈ ಕೆಲಸಗಳಿಗೆ ಬೇರೆ ಮಾತುಗಳಿದ್ದರೆ ಈ ಪತ್ರಕ್ಕೇ ಉತ್ತರ ಬರೆಯಿರಿ. ಹಳೆಯ ಕಪ್ಪು ಬಟ್ಟೆಯ ಕಡತ ಯಾರದಾದರೂ ಅಟ್ಟದ ಮೇಲಿದ್ದರೆ ಅದನ್ನೂ ತಿಳಿಸಿ. ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡಿ.